ಹಾಡಿನೊಳಗಿನ ಹೊಲೆಯ, ಹಾಡಿನೊಳಗಿನ ಕರಿಯ

ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡ ಮಾಸೂರಿನ ಹೊಲಗೇರಿಯವನು ನಾನು. ಗುಡಿಯ ಭಜನೆಯನ್ನು ನಮ್ಮ ಮಂದಿ ಕಟ್ಟೆಯ ಕೆಳಗೆ ನಿಂತೇ ಕೇಳಿದವರು. ಪುರಂದರದಾಸರ ಒಂದು ಪದ ನಮ್ಮ ಹೆಸರನ್ನೇ ಹಿಡಿದು ಸುತ್ತುತ್ತದೆ. ಊರ ಹೊರಗಿರುವವನಲ್ಲ, ಶೀಲ ಬಿಟ್ಟವನು, ಹರಿಕಥೆ ಕೇಳದವನು ಹೊಲೆಯ ಎಂಬುದು ಅದರ ತಾತ್ಪರ್ಯ. ಜಾತಿಯನ್ನು ಹುಟ್ಟಿನಿಂದ ಕಿತ್ತು ನಡತೆಗೆ ಹಚ್ಚಿದ ಉದಾರ ಮಾತು ಇದು ಅಂತಾರೆ. ಆದರ ಕಟ್ಟೆ ಕೆಳಗ ನಿಂತವರಿಗೆ ಬ್ಯಾರೆನ ಕೇಳಸ್ತದ. ಊರೊಳಗಿನವರ ಪಾಪಕ್ಕೂ ನಮ್ಮ ಹೆಸರೇ ಬೇಕಾಯ್ತೇನು? ಹರಿಕಥೆಗೆ ಒಳಗ ಬಿಡಲಾರದ ಮಂದಿ, ಕೇಳದವನೇ ಹೊಲೆಯ ಅಂದ್ರ ಹ್ಯಾಂಗ?

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಸ್ಪೇನಿನ ಆಳ್ವಿಕೆಯ ಮೆಕ್ಸಿಕೋದಲ್ಲಿ ಹದಿನೇಳನೆಯ ಶತಮಾನದ ಚರ್ಚುಗಳು ಹಬ್ಬಗಳಲ್ಲಿ ‘ವಿಯಾನ್ಸಿಕೊ’ ಎಂಬ ಹಾಡುಗಳನ್ನು ಹಾಡಿಸುತ್ತಿದ್ದವು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಅವುಗಳಲ್ಲಿ ಪಾತ್ರಗಳು. ತೊದಲು ಸ್ಪ್ಯಾನಿಷಿನಲ್ಲಿ ಮಾತಾಡಿ, ಕುಣಿದು, ಭಕ್ತರನ್ನು ನಗಿಸುವುದು ಅವರ ಕೆಲಸ.

1677ರಲ್ಲಿ ಸನ್ಯಾಸಿನಿ ಕವಿ ಸೋರ್ ಹ್ವಾನಾ ಇನೆಸ್ ದೆ ಲಾ ಕ್ರೂಸ್ ಸಂತ ಪೇದ್ರೊ ನೊಲಾಸ್ಕೊನ ಹಬ್ಬಕ್ಕೆ ಬರೆದ ಹಾಡಿನ ತೂಕವೇ ಬೇರೆ. ನೊಲಾಸ್ಕೊ, ಸೆರೆಯಾಳುಗಳನ್ನು ಬಿಡಿಸುವುದಕ್ಕೆಂದೇ ಸನ್ಯಾಸಿ ಸಂಘ ಕಟ್ಟಿದವನು. ಹಾಡಿನ ಕರಿಯ ಕೇಳುತ್ತಾನೆ: ಈ ಪಾದ್ರಿಗಳು ಬಿಡಿಸುವವರಾದರೆ ನಾನಿನ್ನೂ ಈ ದುಡಿಮೆಯ ಸೆರೆಯಲ್ಲಿ ಯಾಕಿದ್ದೇನೆ? ಕರಿ ಮಂದಿ ಇವರಿಗೆ ಬೇಡವೇನು? ಎಂಥ ಪ್ರಶ್ನೆ! ಆದರೆ ಮರುಗಳಿಗೆಗೇ ಕವಿ ಅವನ ಬಾಯಿಂದಲೇ ಅದನ್ನು ಹಿಂದಕ್ಕೆ ತೆಗೆಸುತ್ತಾಳೆ. ದೆವ್ವ ಹೀಗೆ ನುಡಿಸಿತು, ಮೈ ನೊಂದರೂ ಆತ್ಮಕ್ಕೆ ಬಿಡುಗಡೆಯುಂಟು ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಈ ಕವಿಗೆ ತಾಯಿ ಕೊಟ್ಟ ಒಬ್ಬ ಗುಲಾಮ ಹೆಂಗಸಿದ್ದಳು. 1684ರಲ್ಲಿ ಅವಳನ್ನು ತನ್ನ ಸೋದರಿಗೇ ಮಾರಿದಳು.

ಅಲ್ಲಿ ಕರಿಯನಿಗೆ ಎರವಲು ನಾಲಿಗೆಯಾದರೂ ಸಿಕ್ಕಿತು. ದಾಸರ ಪದದಲ್ಲಿ ಹೊಲೆಯ ಮಾತೇ ಆಡುವುದಿಲ್ಲ, ಬರೀ ಬೈಗುಳದ ಹೆಸರಾಗಿದ್ದಾನೆ. ಎರಡೂ ಕಡೆ ಭಕ್ತಿಯು ಬಿಡುಗಡೆಯನ್ನು ಒಳಗಿನ ಸಂಗತಿ ಮಾಡಿ, ಮೈಯನ್ನು ಇದ್ದಲ್ಲೇ ಬಿಟ್ಟಿತು.

ಇದಕ್ಕೆ ಎದುರಾಗಿ ನನಗೆ ನೆನಪಾಗುವವಳು ವಚನಕಾರ್ತಿ, ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ. ಬೇರೆ ಮಾಂಸ ತಿನ್ನುವವರು ಮೇಲಾದರೆ ದನ ತಿನ್ನುವ ಮಾದಿಗ ಹೇಗೆ ಕೀಳಾದ ಎಂದು ಕೇಳಿದಳು. ಚರ್ಮದ ಚೀಲದ ತುಪ್ಪ, ನೀರು ಶುದ್ಧವೆಂದು ಕುಡಿಯುವ ವಿಪ್ರರನ್ನು ಝಾಡಿಸಿದಳು. ಆಮೇಲೆ ತಪ್ಪಾಯ್ತು ಅನ್ನಲಿಲ್ಲ.

ನಮ್ಮ ಬಗ್ಗೆ ಎಷ್ಟು ಕರುಣೆಯಿಂದ ಹಾಡಿದರು ಅನ್ನೋದಲ್ಲ, ನಮ್ಮ ಪ್ರಶ್ನೆಯನ್ನು ಹಾಡು ಕೊನೆತನಕ ಉಳಿಸಿಕೊಂಡಿತೋ ಇಲ್ಲವೋ ಅನ್ನೋದೇ ನನ್ನ ಒರೆಗಲ್ಲು.