ಬಿಸಿಲಿನ ಗೋಡೆಯಿಂದ ಪುಸ್ತಕದ ಕಪಾಟಿನವರೆಗೆ

ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ ರಿಂಗ್ಮರ್ ಎಂಬ ಹಳ್ಳಿಯಿದೆ. ನಾನಿರುವ ಲೂಯಿಸ್ ಪಟ್ಟಣದಿಂದ ಸುಮಾರು ಮೂರು ಮೈಲಿ. ಆ ಊರಿನ ಗುರುತೇ ಒಂದು ಆಮೆ. ಹೆಸರು ತಿಮೋತಿ. 1740ರ ಆಸುಪಾಸಿನಲ್ಲಿ ಸ್ನೂಕ್ ಎಂಬ ಮನೆಯವರು ಅದನ್ನು ಚಿಚೆಸ್ಟರ್‌ನಲ್ಲಿ ನಾವಿಕನೊಬ್ಬನಿಂದ ಅರ್ಧ ಕ್ರೌನ್ ಕೊಟ್ಟು ಕೊಂಡರೆಂಬ ಪ್ರತೀತಿಯಿದೆ. ಗೋಡೆ ಸುತ್ತಿದ ಅಂಗಳದಲ್ಲಿ ಅದು ಸುಮಾರು ನಲವತ್ತು ವರ್ಷ ಬದುಕಿತು. ಮನೆಯೊಡತಿ ರೆಬೆಕಾ ಸ್ನೂಕ್ 1780ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಸೋದರಳಿಯ, ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ಚಳಿಗಾಲದ ನಿದ್ದೆಯಲ್ಲಿದ್ದ ಆಮೆಯನ್ನು ಮಣ್ಣಿನಿಂದ ಅಗೆದು ತೆಗೆದರು. ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಕುದುರೆ ಗಾಡಿಯಲ್ಲಿ ಎಂಬತ್ತು ಮೈಲಿ ದೂರದ ತಮ್ಮ ಮನೆಗೆ ಸಾಗಿಸಿದರು. ಗಾಡಿಯ ಕುಲುಕಾಟಕ್ಕೆ ಅದರ ನಿದ್ದೆ ಹಾರಿಹೋಗಿತ್ತು. ತೋಟಕ್ಕೆ ಬಿಟ್ಟೊಡನೆ ಕೊನೆಯವರೆಗೆ ಎರಡು ಸಲ ನಡೆದು, ಸಂಜೆಯ ಚಳಿಗೆ ಮತ್ತೆ ಮಣ್ಣಿನೊಳಗೆ ಸೇರಿಕೊಂಡಿತು.

ಆಮೆ ಸಾಕಿದವರು ವೈಟ್‌ಗಿಂತ ಮುಂಚೆಯೂ ಇದ್ದರು. 1633ರಲ್ಲಿ ಆರ್ಚ್‌ಬಿಷಪ್ ಲಾಡ್ ಲಂಡನ್ನಿನ ಲ್ಯಾಂಬೆತ್ ಅರಮನೆಗೆ ತಂದಿದ್ದ ಆಮೆಯ ಚಿಪ್ಪನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ನೂರು ವರ್ಷಕ್ಕೂ ಹೆಚ್ಚು ಬಾಳಿದ ಅದು ತೋಟಗಾರನ ಅಲಕ್ಷ್ಯದಿಂದ ಸತ್ತಿತೆಂದು ಹೇಳುತ್ತಾರೆ. ಆದರೆ ಆಮೆಗೆ ಏನು ಬೇಕು ಎಂದು ಕೂತು ನೋಡಿ ಬರೆದಿಟ್ಟವರು ವೈಟ್. ಗಾಡಿಯ ಚಕ್ರ ಹರಿದರೂ ತಡೆದುಕೊಳ್ಳುವಂಥ ಚಿಪ್ಪಿದ್ದೂ ಅದು ಮಳೆಗೆ ಹೆದರಿ ಮೂಲೆ ಸೇರುತ್ತಿತ್ತು. ಹಾಲೊಸರುವ ಎಲೆಗಳೆಂದರೆ ಅದಕ್ಕೆ ಇಷ್ಟ. ಶರತ್ಕಾಲದ ಇಳಿಬಿಸಿಲಿನಲ್ಲಿ ಗೋಡೆಗೆ ಓರೆಯಾಗಿ ಚಿಪ್ಪನ್ನು ಆನಿಸಿ, ಸಿಕ್ಕಷ್ಟು ಕಿರಣವನ್ನೂ ಬಿಡದೆ ಮೈಗೆ ತಾಗಿಸಿಕೊಳ್ಳುತ್ತಿತ್ತು. ಕಡುಬೇಸಗೆಯಲ್ಲಾದರೆ ನೆರಳು ಹುಡುಕುತ್ತಿತ್ತು. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾಗದ ಪ್ರಾಣಿಗೆ ಬಿಸಿಯೂ ತಂಪೂ ಒಂದೇ ಅಂಗಳದಲ್ಲಿ ಸಿಗಬೇಕು, ನಡುವೆ ಓಡಾಡಲು ಜಾಗವಿರಬೇಕು. ಆಮೆಯ ಮನೆ ಕಟ್ಟುವ ಮೊದಲ ಪಾಠ ಇದೇ. 1789ರ ‘ದಿ ನ್ಯಾಚುರಲ್ ಹಿಸ್ಟರಿ ಆಫ್ ಸೆಲ್ಬೋರ್ನ್’ ಪುಸ್ತಕದಿಂದ ತಿಮೋತಿ ಇಂಗ್ಲೆಂಡಿಗೆಲ್ಲ ಪರಿಚಯವಾಯಿತು. ಅದು 1794ರಲ್ಲಿ, ವೈಟ್ ತೀರಿಕೊಂಡ ಮರುವರ್ಷ ಸತ್ತಿತು. ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಅದನ್ನು ಪರೀಕ್ಷಿಸಿದವರಿಗೆ ತಿಳಿದದ್ದು, ತಿಮೋತಿ ಹೆಣ್ಣಾಮೆ ಎಂಬುದು.

ಇದೇ ಹೆಸರಿನ ಇನ್ನೊಂದು ಆಮೆ ಕ್ರಿಮಿಯಾ ಯುದ್ಧದ ಕಾಲದಲ್ಲಿ ನೌಕಾಪಡೆಯ ಹಡಗಿನಲ್ಲಿತ್ತು. ಡೆವನ್‌ನ ಪೌಡರ್‌ಹ್ಯಾಮ್ ಕೋಟೆಯಲ್ಲಿ 2004ರವರೆಗೆ ಬದುಕಿದ ಆ ತಿಮೋತಿಯೂ ಹೆಣ್ಣು ಎಂದು ಗೊತ್ತಾದದ್ದು 1926ರಲ್ಲಿ. 1963ರಲ್ಲಿ ಬಿಬಿಸಿಯ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ಗೆ ಫ್ರೆಡ್ ಎಂಬ ಆಮೆ ಬಂತು, ಮುಂದೆ ಅದರ ಹೆಸರನ್ನು ಫ್ರೀಡಾ ಎಂದು ತಿದ್ದಬೇಕಾಯಿತು. ಇಂಗ್ಲಿಷರಿಗೆ ಆಮೆಯ ಮೇಲೆ ಪ್ರೀತಿಗೇನೂ ಕೊರತೆಯಿರಲಿಲ್ಲ. ತಿಳಿವಳಿಕೆ ಮಾತ್ರ ತೀರ ತಡವಾಗಿ ಬಂತು, ಆ ವಿಳಂಬಕ್ಕೆ ಆಮೆಗಳು ಜೀವ ತೆತ್ತವು.

ಹೆನ್ರಿ ಮೇಹ್ಯೂ ಲಂಡನ್ನಿನ ಬೀದಿ ವ್ಯಾಪಾರಿಗಳ ಬದುಕನ್ನು 1850ರ ಹೊತ್ತಿಗೆ ದಾಖಲಿಸಿದಾಗ, ಅವರಲ್ಲಿ ಆಮೆ ಮಾರುವವರೂ ಇದ್ದರು. ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯಾಪಾರ ಕೈಮೀರಿ ಬೆಳೆಯಿತು. ಮೊರಾಕೊದಿಂದ, ಆಮೇಲೆ ಟರ್ಕಿ, ಗ್ರೀಸ್, ಯುಗೊಸ್ಲಾವಿಯಾದಿಂದ ಲಕ್ಷಾಂತರ ಆಮೆಗಳನ್ನು ಕಾಡಿನಿಂದ ಹಿಡಿದು, ಒಂದರ ಮೇಲೊಂದು ಪೇರಿಸಿ ಹಡಗಿಗೇರಿಸಿದರು. ಕೊಂಡವರು ಅದು ತಪ್ಪಿಸಿಕೊಳ್ಳದಿರಲಿ ಎಂದು ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟುತ್ತಿದ್ದರು. ಚಿಪ್ಪು ಎಂದರೆ ಮೂಳೆ. ಅದರೊಳಗೆ ರಕ್ತವಿದೆ, ನರವಿದೆ. ನಮ್ಮ ಬೀದಿಯ ಹಿರಿಯರ ಬಾಲ್ಯದ ನೆನಪುಗಳಲ್ಲಿ ಆ ತೂತು ಇನ್ನೂ ಇದೆ. ಚಳಿಗಾಲ ಬಂದರೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಆಮೆಯನ್ನು ಮಲಗಿಸುವುದು ಮನೆಮನೆಯ ಪದ್ಧತಿಯಾಗಿತ್ತು. ಟಿವಿಯಲ್ಲೂ ಅದನ್ನು ತೋರಿಸುತ್ತಿದ್ದರು. ಮೋಡ ಕವಿದ ಬೇಸಗೆಯಲ್ಲಿ ಹೊಟ್ಟೆ ತುಂಬ ತಿಂದು ಮೈಗೂಡಿಸಿಕೊಳ್ಳಲಾಗದ ಎಷ್ಟೋ ಆಮೆಗಳು ವಸಂತದಲ್ಲಿ ಏಳಲೇ ಇಲ್ಲ. ಕೊನೆಗೆ 1984ರಲ್ಲಿ ಯುರೋಪಿಯನ್ ಸಮುದಾಯ ಮೆಡಿಟರೇನಿಯನ್ ನೆಲಾಮೆಗಳ ವಾಣಿಜ್ಯ ಆಮದನ್ನು ನಿಲ್ಲಿಸಿತು.

ಆಮದು ನಿಂತ ಮೇಲೆ ಜನ ಮನೆಯಲ್ಲೇ ಮೊಟ್ಟೆ ಒಡೆಸಿ ಮರಿ ಮಾಡಿಸುವುದನ್ನು ಕಲಿತರು. ಮರಿ ಸಾಕುವ ಕಷ್ಟ ಗೊತ್ತಾದದ್ದು ಆಗಲೇ. ಹುಟ್ಟಿದ ಮರಿ ದೊಡ್ಡ ನೆಲ್ಲಿಕಾಯಿಯಷ್ಟಿರುತ್ತದೆ. ಅದನ್ನು ಗಾಜಿನ ತೊಟ್ಟಿಯಲ್ಲಿಟ್ಟರೆ ಹೊರಗೆ ಕಾಣುವುದನ್ನು ದಾರಿಯೆಂದೇ ತಿಳಿದು ದಿನವಿಡೀ ಗಾಜಿಗೆ ಮೂತಿ ಒತ್ತಿ ನಡೆಯುತ್ತಿತ್ತು. ಕಿಟಕಿಯ ಪಕ್ಕ ಬಿಸಿಲಿಗಿಟ್ಟರೂ ಚಿಪ್ಪು ಮೆದುವಾಗುತ್ತಿತ್ತು. ಮೂಳೆಗೆ ಬೇಕಾದ ಡಿ ಜೀವಸತ್ವ ಮೈಯಲ್ಲಿ ತಯಾರಾಗಲು ನೇರಳಾತೀತ ಬಿ ಕಿರಣ ಬೇಕು. ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ಹೊಗೆ ಕವಿದ ಕೈಗಾರಿಕಾ ಪಟ್ಟಣಗಳ ಮಕ್ಕಳಿಗೆ ರಿಕೆಟ್ಸ್ ಬಂದು ಕಾಲು ಬಾಗುತ್ತಿದ್ದುದೂ ಈ ಕೊರತೆಯಿಂದಲೇ. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಅಂಥ ಮಕ್ಕಳನ್ನು ಪಾದರಸದ ದೀಪದಡಿ ಕೂರಿಸಿ ಗುಣಪಡಿಸಿದ್ದರು. ಅದೇ ತತ್ವದ ದೀಪ ಸರೀಸೃಪ ಸಾಕುವವರ ಅಂಗಡಿಗಳಲ್ಲಿ ಸುಲಭವಾಗಿ ಸಿಗತೊಡಗುವ ಹೊತ್ತಿಗೆ 1990ರ ದಶಕ ಬಂದಿತ್ತು.

ಇನ್ನೊಂದು ಸಮಸ್ಯೆ, ಚಿಪ್ಪಿನ ಒಂದೊಂದು ಬಿಲ್ಲೆಯೂ ಗೋಪುರದಂತೆ ಎದ್ದು ಬೆಳೆಯುವುದು. ಪ್ರೋಟೀನ್ ಹೆಚ್ಚಾದ್ದರಿಂದ ಹೀಗೆ ಎಂದು ಬಹುಕಾಲ ನಂಬಿದ್ದರು. 2003ರಲ್ಲಿ ವಿಯೆನ್ನಾದ ವೀಸ್ನರ್ ಮತ್ತು ಇಬೆನ್ ಆಫ್ರಿಕದ ಐವತ್ತು ಆಮೆಮರಿಗಳನ್ನು ಐದು ತಿಂಗಳು ಬೆಳೆಸಿ ನೋಡಿದರು. ಆಹಾರದ ಪ್ರೋಟೀನಿಗಿಂತ ಸುತ್ತಲಿನ ಗಾಳಿಯ ತೇವ ಕಡಿಮೆಯಾದದ್ದೇ ದೊಡ್ಡ ಕಾರಣವೆಂದು ಕಂಡುಬಂತು. ಒಣ ಪೆಟ್ಟಿಗೆಯಲ್ಲಿ ಮರಿ ಬೆಳೆಸುವ ಪದ್ಧತಿ ಅಲ್ಲಿಂದ ಬದಲಾಗತೊಡಗಿತು.

ನಮ್ಮ ಮನೆಯ ಮರಿ ಹರ್ಮನ್ ಜಾತಿಯದು. ಇಲ್ಲಿಯೇ ಮೊಟ್ಟೆಯೊಡೆದು ಬಂದದ್ದು. ಸರ್ಕಾರದ ಪ್ರಮಾಣಪತ್ರ ಇದೆ. ಅದರ ಮನೆ ಒಂದು ಹಳೆಯ ಪುಸ್ತಕದ ಕಪಾಟು. ಇಲ್ಲಿ ಬೇಡದ ಸಾಮಾನನ್ನು ‘ಬೇಕಾದವರು ಒಯ್ಯಬಹುದು’ ಎಂದು ಚೀಟಿ ಅಂಟಿಸಿ ಬಾಗಿಲ ಹೊರಗಿಡುವ ರೂಢಿಯಿದೆ, ಹಾಗೆ ಸಿಕ್ಕಿತು. ಅದನ್ನು ಬೆನ್ನಿನ ಮೇಲೆ ಅಂಗಾತ ಮಲಗಿಸಿದರೆ, ಮೇಲೆ ತೆರೆದ, ಪಕ್ಕದಿಂದ ಹೊರಗೆ ಕಾಣದ ಉದ್ದನೆಯ ತೊಟ್ಟಿ ಆಯಿತು. ನಡುವಿನ ಹಲಗೆಗಳನ್ನು ಕಿತ್ತು ಒಂದನ್ನು ಮಾತ್ರ ಉಳಿಸಿ, ಅದರಲ್ಲಿ ಗರಗಸದಿಂದ ಬಾಗಿಲು ಕೊರೆದೆ. ಒಳಗೆ ಕೊಳಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ಕು. ಅದರ ಮೇಲೆ ಒಂದು ಗೇಣಿಗೆ ತುಸು ಕಡಿಮೆ ಎತ್ತರಕ್ಕೆ, ಗೊಬ್ಬರ ಬೆರೆಸದ ಮಣ್ಣು ಮತ್ತು ಕೊಕೊಪೀಟ್. ನಾನು ತಿಪಟೂರಿನವಳು. ಕಾಯಿ ಸುಲಿದ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಬೆಳೆದವಳು. ಇಟ್ಟಿಗೆಯಂತೆ ಒತ್ತಿದ ಆ ನಾರಿನ ಪುಡಿಯನ್ನು ಇಲ್ಲಿ ಬಕೆಟ್ಟಿನ ನೀರಿಗೆ ಹಾಕಿದಾಗ ಏಳುವ ವಾಸನೆ ನನಗೆ ಊರಿನದೇ. ಮಣ್ಣಿನ ತಳ ತೇವವಾಗಿಯೂ ಮೇಲ್ಭಾಗ ಒಣಗಿಯೂ ಇರಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಒಂದು ತುದಿಗೆ ದೀಪ, ಅದರಡಿ ಕಪ್ಪು ಕಲ್ಲಿನ ಹೆಂಚಿನ ತುಂಡು. ಅಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್. ಇನ್ನೊಂದು ತುದಿ 20ರ ಆಸುಪಾಸು. ಅಡಗಲು ಅರ್ಧ ಒಡೆದ ಹೂಕುಂಡ, ನೀರಿಗೆ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆ. ಖರ್ಚು ಬಿದ್ದದ್ದು ನೇರಳಾತೀತ ದೀಪಕ್ಕೆ. ಅಲ್ಲಿ ಕೈ ಬಿಗಿ ಹಿಡಿಯಬಾರದು. ಬೆಳಕು ಕಂಡರೂ ಕಿರಣ ಕುಂದುತ್ತಾ ಹೋಗುವುದರಿಂದ ತಯಾರಕರು ಹೇಳಿದ ಅವಧಿಗೆ ಅದನ್ನು ಬದಲಿಸಲೇಬೇಕು. ದೀಪವನ್ನು ವೈರಿನಲ್ಲಿ ಜೋತುಬಿಡಬಾರದು, ಸರಪಳಿ ಹಾಕಿ ತೂಗಬೇಕು. ಬಿದ್ದರೆ ಮನೆಗೇ ಬೆಂಕಿ.

ಬೆಳಿಗ್ಗೆ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಕುಂಡದಡಿಯ ಮಣ್ಣು ಅಲುಗುತ್ತದೆ. ಮರಿ ಹೊರಬಂದು ನೇರ ಹೆಂಚಿನ ಮೇಲೇರಿ, ಕತ್ತು ಚಾಚಿ, ಹಿಂಗಾಲೆರಡನ್ನೂ ಹಿಂದಕ್ಕೆ ನೀಡಿ ಮಲಗುತ್ತದೆ. ಅಂಗಾಲು ಸಹ ಬೆಳಕಿಗೆ ತಿರುಗಿರುತ್ತದೆ. ಮೈ ಕಾದ ಮೇಲೆ ಡ್ಯಾಂಡೆಲಿಯನ್ ಎಲೆ ಕಚ್ಚಲು ಹೊರಡುತ್ತದೆ. ಮಧ್ಯಾಹ್ನಕ್ಕೆ ಬಾಗಿಲು ದಾಟಿ ತಂಪಿನ ಕಡೆ ಮಣ್ಣು ಕೆದಕುತ್ತದೆ. ಗಿಲ್ಬರ್ಟ್ ವೈಟ್ ಬರೆದಿಟ್ಟ ದಿನಚರಿಯೇ ಇದು. ಗೋಡೆಯ ಜಾಗದಲ್ಲಿ ಹೆಂಚು ಬಂದಿದೆ, ಸೂರ್ಯನ ಜಾಗದಲ್ಲಿ ದೀಪ.

ಇದನ್ನು ಓದಿ ಕರ್ನಾಟಕದಲ್ಲಿ ಯಾರೂ ಆಮೆಮರಿ ಹುಡುಕಲು ಹೊರಡಬಾರದು. ಕರ್ನಾಟಕ–ಆಂಧ್ರ ಗಡಿಯ ಕುರುಚಲು ಕಾಡಿನಲ್ಲಿ ನಮ್ಮದೇ ನಕ್ಷತ್ರ ಆಮೆ ಇದೆ. ಬೆನ್ನಿನ ಹಳದಿ ಗೆರೆಗಳ ಚೆಲುವೇ ಅದಕ್ಕೆ ಮುಳುವಾಯಿತು. ಮೊರಾಕೊದ ಆಮೆಗೆ ಇಂಗ್ಲೆಂಡ್ ಮಾಡಿದ್ದನ್ನೇ ಈಗ ಕಳ್ಳಸಾಗಣೆದಾರರು ಇದಕ್ಕೆ ಮಾಡುತ್ತಿದ್ದಾರೆ: ಸೂಟ್‌ಕೇಸಿನಲ್ಲಿ ತುರುಕಿ ವಿಮಾನ ಹತ್ತಿಸುತ್ತಾರೆ. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ಮರಳಿದವು. ಕಾಡಿಗೆ ಬಿಡುವ ಮೊದಲು ಅವುಗಳಿಗಾಗಿ ಬೇಲಿ ಹಾಕಿದ ಆವರಣ ಬೇಕಾಯಿತು. 2019ರಲ್ಲಿ ಈ ಜಾತಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ನಿರ್ಬಂಧ ಬಿತ್ತು. ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಎಲ್ಲವೂ ಅಪರಾಧ.

ಆಮೆ ಇದ್ದರೆ ಅದೃಷ್ಟ ಎಂದು ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ರಸ್ತೆ ದಾಟುತ್ತಿರುವ ನೆಲಾಮೆ ಕಂಡರೆ ಅದು ಹೊರಟಿದ್ದ ಕಡೆಗೇ ದಾಟಿಸಿ ಬಿಟ್ಟುಬನ್ನಿ. ಅಲ್ಲಿನ ಬಿಸಿಲು, ಪೊದೆ, ಕಲ್ಲು, ಮಣ್ಣು ಯಾರೂ ದುಡ್ಡು ಕೊಟ್ಟು ಕಟ್ಟಬೇಕಾಗಿಲ್ಲದ ಮನೆ. ಅದನ್ನು ಉಳಿಸಿದರೆ ಸಾಕು.