ಹರೂರಿನ ನೀರು, ಜೀವಕೋಶದ ಪೊರೆ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರು, ಕೃಷ್ಣಗಿರಿಗಳನ್ನು ದಾಟಿ ತೀರ್ಥಮಲೆಯ ಹತ್ತಿರ ಹರೂರು ತಾಲ್ಲೂಕನ್ನು ಹಾದುಹೋಗುತ್ತದೆ. 1965ರವರೆಗೆ ಸೇಲಂ ಜಿಲ್ಲೆಗೆ ಸೇರಿದ್ದ, ಈಗ ಧರ್ಮಪುರಿ ಜಿಲ್ಲೆಯಲ್ಲಿರುವ ಈ ನೆಲದ ಅಡಿಯಲ್ಲಿರುವುದು ಗಟ್ಟಿ ಕಲ್ಲು: ಗ್ರಾನೈಟು, ನೈಸು, ಚಾರ್ನೊಕೈಟು. ಇಂಥ ಕಲ್ಲಿನ ಅಪಟೈಟು, ಕಾಗೆಬಂಗಾರಗಳಲ್ಲಿ ಫ್ಲೋರೈಡ್ ಇರುತ್ತದೆ. ಸುಣ್ಣದಂಶ ಕಡಿಮೆಯಾಗಿ ಕ್ಷಾರ ಹೆಚ್ಚಾದ ಅಂತರ್ಜಲ ಅದನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಧರ್ಮಪುರಿ ಜಿಲ್ಲೆಗೆ ಅಂಟಿದ ಫ್ಲೋರೋಸಿಸ್‌ನ ಮೂಲ ಇದೇ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಳದಿ ಪಟ್ಟೆಯ ಹಲ್ಲು, ಬಗ್ಗದ ಬೆನ್ನು ಅಲ್ಲಿಯೂ ಅವೇ. ಈ ರೋಗದ ಬಗ್ಗೆ ಭಾರತದಿಂದ ಮೊದಲ ವೈದ್ಯಕೀಯ ವರದಿ ಬಂದದ್ದು 1937ರಲ್ಲಿ, ಅದೂ ಆಗಿನ ಮದ್ರಾಸ್ ಪ್ರಾಂತ್ಯದಿಂದಲೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ.

ಜೀವವಿಜ್ಞಾನದ ಕಣ್ಣಿನಿಂದ ನೋಡಿದರೆ ಇಲ್ಲೊಂದು ತೊಡಕಿದೆ. ನೀರಿನಲ್ಲಿ ಕರಗಿದ ಫ್ಲೋರೈಡ್ ಋಣ ಆವೇಶ ಹೊತ್ತ ಅಯಾನು. ಜೀವಕೋಶದ ಪೊರೆ ಆವೇಶವಿರುವ ಅಯಾನನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹಾಗಿದ್ದರೆ ಕುಡಿದ ನೀರಿನ ಫ್ಲೋರೈಡ್ ಮೂಳೆಯವರೆಗೆ ಹೋದದ್ದು ಹೇಗೆ? ಇದಕ್ಕೆ ಉತ್ತರ ಸಿಗಲು ಹಲವು ದಶಕಗಳ ಪೊರೆ ವಿಜ್ಞಾನ ಬೇಕಾಯಿತು. ಆ ವಿಜ್ಞಾನ ಬೆಳೆದ ಬಗೆಯೂ ವಿಶೇಷವಾದದ್ದು. ಪೊರೆಯನ್ನು ಕಣ್ಣಿಂದ ಕಂಡವರಿಗಿಂತ, ಅದನ್ನು ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂದು ಅಳೆದವರೇ ಅದರ ಸ್ವರೂಪವನ್ನು ಸರಿಯಾಗಿ ಹೇಳಿದರು.

ಅವರಲ್ಲಿ ಮೊದಲಿಗ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್. 1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಗಿಡದ ಬೇರುರೋಮ, ಕಪ್ಪೆಮರಿಗಳನ್ನು ಇಟ್ಟುಕೊಂಡು ನೂರಾರು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಎಣ್ಣೆಯಲ್ಲಿ ಕರಗುವ ಪದಾರ್ಥ ಬೇಗ ಒಳಗೆ ಹೋಗುತ್ತದೆ, ಕರಗದ್ದು ಹೊರಗೇ ಉಳಿಯುತ್ತದೆ ಎಂಬುದು ಅವನಿಗೆ ಸಿಕ್ಕ ಸೂತ್ರ. ಹಾಗಾದರೆ ಕೋಶದ ಮೇಲ್ಪದರ ಕೊಬ್ಬಿನಂಥದ್ದೇ ಇರಬೇಕು. ಅದರಲ್ಲಿ ಕೊಲೆಸ್ಟರಾಲ್, ಲೆಸಿಥಿನ್‌ಗಳಿರಬೇಕು ಎಂದು ಅವನು ಊಹಿಸಿದ. ಆಗ ಪೊರೆಯನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸಿರಲಿಲ್ಲ. ಓವರ್ಟನ್‌ಗೆ ಪಠ್ಯಪುಸ್ತಕಗಳು ಕೊಟ್ಟಿರುವ ಜಾಗ ತೀರ ಸಣ್ಣದು ಎಂದೇ ನನ್ನ ಎಣಿಕೆ. ಫ್ಲೋರೈಡಿನ ಒಗಟು ಬಿಡಿಸುವ ಕೀಲಿ ಅವನ ಸೂತ್ರದಲ್ಲೇ ಇತ್ತು.

ಕೊಬ್ಬಿನ ಪದರ ಎಷ್ಟು ದಪ್ಪ? 1925ರಲ್ಲಿ ಲೈಡನ್‌ನ ಮಕ್ಕಳ ವೈದ್ಯ ಎವರ್ಟ್ ಗಾರ್ಟರ್, ಸಹೋದ್ಯೋಗಿ ಗ್ರೆಂಡೆಲ್ ಜೊತೆಗೂಡಿ ಇದಕ್ಕೆ ಉತ್ತರ ಹುಡುಕಿದ. ಅವರು ಆರಿಸಿಕೊಂಡದ್ದು ಕೆಂಪು ರಕ್ತಕಣವನ್ನು. ಸಸ್ತನಿಗಳ ಕೆಂಪುಕಣಕ್ಕೆ ಕೋಶಕೇಂದ್ರವಿಲ್ಲ, ಒಳಪೊರೆಗಳಿಲ್ಲ. ಇರುವ ಲಿಪಿಡೆಲ್ಲ ಹೊರಪೊರೆಯದೇ. ನಾಯಿ, ಕುರಿ, ಮೊಲ, ಆಡು, ಮನುಷ್ಯರ ರಕ್ತಕಣಗಳಿಂದ ಅಸಿಟೋನ್ ಬಳಸಿ ಲಿಪಿಡ್ ತೆಗೆದು, ನೀರಿನ ಮೇಲೆ ಒಂದು ಅಣುವಿನ ದಪ್ಪಕ್ಕೆ ಹರಡಿದರು. ಹರಡಿದ ಜಾಗ ಕಣಗಳ ಒಟ್ಟು ಮೇಲ್ಮೈಯ ಎರಡರಷ್ಟು ಬಂತು. ಅಂದರೆ ಪೊರೆ ಎರಡು ಪದರದ್ದು: ನೀರನ್ನು ಬಯಸುವ ತಲೆಗಳು ಹೊರಗೂ ಒಳಗೂ, ನೀರನ್ನು ಒಲ್ಲದ ಬಾಲಗಳು ನಡುವೆ ಮುಖಾಮುಖಿ. ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಅಸಿಟೋನ್ ಎಲ್ಲ ಲಿಪಿಡನ್ನೂ ಎಳೆದಿರಲಿಲ್ಲ. ಒಣಗಿದ ಕಣಗಳನ್ನು ಅಳೆದದ್ದರಿಂದ ಮೇಲ್ಮೈ ಕಡಿಮೆ ಬಂದಿತ್ತು. ಒಂದು ಕೊರತೆ ಇನ್ನೊಂದನ್ನು ಸರಿದೂಗಿಸಿತು. 1966ರಲ್ಲಿ ಈ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಅದು ಬಯಲಾಯಿತು. ಎರಡು ಪದರ ಎಂಬ ತೀರ್ಮಾನ ಮಾತ್ರ ಇಂದಿಗೂ ನಿಂತಿದೆ.

ನಂತರದ ಮೂರು ದಶಕಗಳ ಹಾದಿ ಸ್ವಲ್ಪ ಅಡ್ಡವಾಗಿ ಸಾಗಿತು. 1935ರಲ್ಲಿ ಡೇನಿಯೆಲ್ಲಿ ಮತ್ತು ಡಾವ್ಸನ್ ಪ್ರೋಟೀನುಗಳು ಲಿಪಿಡ್ ಪದರಕ್ಕೆ ಎರಡೂ ಕಡೆ ಹೊದಿಕೆಯಂತಿವೆ ಎಂದರು. 1950ರ ದಶಕದ ಕೊನೆಗೆ ರಾಬರ್ಟ್‌ಸನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎರಡು ಕಪ್ಪು ಗೆರೆ, ನಡುವೆ ಬಿಳಿ ಗೆರೆ ಕಂಡು, ಎಲ್ಲ ಪೊರೆಗಳದೂ ಒಂದೇ ಕಟ್ಟು ಎಂದು ಸಾರಿದ. ಕಂಡದ್ದು ನಿಜ, ಅದಕ್ಕೆ ಕೊಟ್ಟ ಅರ್ಥ ಉಳಿಯಲಿಲ್ಲ.

ದಾಟುವಿಕೆಯನ್ನು ಅಳೆಯುವವರು ಅಷ್ಟರಲ್ಲಿ ಬೇರೆಯೇ ಸಂಗತಿಗಳನ್ನು ಮುಂದಿಡುತ್ತಿದ್ದರು. ನೀರಿನಲ್ಲಿ ಅಯಾನಿನ ಸುತ್ತ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ. ಅವನ್ನೆಲ್ಲ ಕಳಚಿ ಸುಮಾರು 3 ನ್ಯಾನೋಮೀಟರ್ ದಪ್ಪದ ಕೊಬ್ಬಿನ ನಡುವೆ ನುಗ್ಗುವುದಕ್ಕೆ ಬೇಕಾಗುವ ಶಕ್ತಿ ಅಪಾರ. ಆದರೂ ನರದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕ್ಷಣಾರ್ಧದಲ್ಲಿ ಆಚೀಚೆ ಹರಿಯುತ್ತವೆ ಎಂಬುದನ್ನು ಹಾಜ್ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ತೋರಿಸಿದರು. ಮೂರು ಸೋಡಿಯಂ ಹೊರದೂಡಿ ಎರಡು ಪೊಟ್ಯಾಸಿಯಂ ಒಳಗೆಳೆಯುವ ಪ್ರೋಟೀನ್ ಪಂಪಿನ ಸುಳಿವು 1957ರಲ್ಲಿ ಸ್ಕೌಗೆ ಸಿಕ್ಕಿತು. ಹಾಗಾದರೆ ಪ್ರೋಟೀನು ಹೊದಿಕೆಯಾಗಿ ಮೇಲೆ ಮಲಗಿದ್ದರೆ ಸಾಲದು, ಪದರವನ್ನು ಕೊರೆದು ಈ ಬದಿಯಿಂದ ಆ ಬದಿಗೆ ಚಾಚಿರಲೇಬೇಕು. ನೇಯರ್ ಮತ್ತು ಸಾಕ್ಮನ್ 1976ರಲ್ಲಿ ಇಂಥ ಒಂದೇ ಒಂದು ಪ್ರೋಟೀನ್ ನಾಲೆ ತೆರೆದು ಮುಚ್ಚುವಾಗಿನ ವಿದ್ಯುತ್ತನ್ನೂ ದಾಖಲಿಸಿದರು. ನೀರಿಗೂ ತನ್ನದೇ ದಾರಿಯಿದೆಯೆಂದು ಗೊತ್ತಾದದ್ದು 1992ರಲ್ಲಿ. ಕೆಂಪುಕಣದಲ್ಲಿ ಸಿಕ್ಕಿದ್ದ ಅನಾಮಿಕ ಪ್ರೋಟೀನನ್ನು ಪೀಟರ್ ಆಗ್ರೆಯ ತಂಡ ಕಪ್ಪೆಯ ಮೊಟ್ಟೆಕೋಶದಲ್ಲಿ ತಯಾರಾಗುವಂತೆ ಮಾಡಿ, ಕೋಶವನ್ನು ತೆಳು ದ್ರಾವಣದಲ್ಲಿಟ್ಟಿತು. ಅದು ಊದಿ ಒಡೆಯಿತು. ಅಕ್ವಾಪೊರಿನ್ ಎಂಬ ಈ ನಾಲೆ ಸೆಕೆಂಡಿಗೆ ನೂರಾರು ಕೋಟಿ ನೀರಿನ ಅಣುಗಳನ್ನು ಬಿಡುತ್ತದೆ, ಅಯಾನನ್ನು ಬಿಡುವುದಿಲ್ಲ.

ಪೊರೆ ಸ್ಥಿರವಲ್ಲ ಎಂಬುದಕ್ಕೆ 1970ರ ಪ್ರಯೋಗವೊಂದು ಸಾಕ್ಷಿ. ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಎರಡರ ಪ್ರೋಟೀನುಗಳಿಗೂ ಬೇರೆ ಬೇರೆ ಬಣ್ಣ ಕೊಟ್ಟರು. 37 ಡಿಗ್ರಿಯಲ್ಲಿ 40 ನಿಮಿಷ ಕಳೆಯುವಷ್ಟರಲ್ಲಿ ಬಣ್ಣಗಳು ಬೆರೆತುಹೋದವು, ಚಳಿಯಲ್ಲಿಟ್ಟಾಗ ಬೆರೆಯಲಿಲ್ಲ. ಸಾರಿನ ಮೇಲಿನ ಒಗ್ಗರಣೆ ಎಣ್ಣೆ ಬಿಸಿಯಲ್ಲಿ ಹರಿದಾಡಿ ತಣ್ಣಗಾದಂತೆ ಮಂದವಾಗುವ ಹಾಗೆ. 1972ರಲ್ಲಿ ಸಿಂಗರ್ ಮತ್ತು ನಿಕೊಲ್ಸನ್ ಈ ಎಲ್ಲ ಸಾಕ್ಷ್ಯಗಳನ್ನು ಒಂದುಗೂಡಿಸಿ, ಹರಿಯುವ ಲಿಪಿಡಿನಲ್ಲಿ ಪ್ರೋಟೀನುಗಳು ತೇಲಾಡುವ ದ್ರವ ಮೊಸಾಯಿಕ್ ಮಾದರಿಯನ್ನು ಕೊಟ್ಟರು.

ನಮ್ಮ ಪಿಯುಸಿ ಪುಸ್ತಕದ ಪೊರೆಯ ಪಾಠ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಇದು ನನಗೆ ನೋವಿನ ವಿಷಯ, ಏಕೆಂದರೆ ಮುಂದಿನ ಅಧ್ಯಾಯದ ದೊಡ್ಡ ಭಾಗ ಬರೆಯಲ್ಪಟ್ಟದ್ದು ಬೆಂಗಳೂರಿನಲ್ಲಿ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. 1997ರಲ್ಲಿ ಸಿಮೊನ್ಸ್ ಮತ್ತು ಇಕೊನೆನ್ ಪೊರೆಯಲ್ಲಿ ಕೊಲೆಸ್ಟರಾಲ್ ತುಂಬಿದ ತೆಪ್ಪಗಳಿವೆ ಎಂಬ ವಾದ ಮಂಡಿಸಿದ್ದರು. ಅವು ಎಷ್ಟು ದೊಡ್ಡವು ಎಂಬ ಬಗ್ಗೆ ಒಮ್ಮತವಿರಲಿಲ್ಲ. ಸತ್ಯಜಿತ್ ಮೇಯರ್ ಅವರ ತಂಡ ಪೊರೆಯ ಹೊರಪದರಕ್ಕೆ ಲಿಪಿಡ್ ಬಾಲದಿಂದ ಸಿಕ್ಕಿಕೊಂಡಿರುವ ಪ್ರೋಟೀನುಗಳನ್ನು ಹಿಡಿಯಿತು. ಅವು ಇರುವ ಅಳತೆ ಸೂಕ್ಷ್ಮದರ್ಶಕದ ಕಣ್ಣಿಗೆ ನಿಲುಕದ್ದು. ಅದಕ್ಕೆ, ಪಕ್ಕಪಕ್ಕದ ಅಣುಗಳ ನಡುವೆ ಬೆಳಕಿನ ಶಕ್ತಿ ವರ್ಗವಾದಾಗ ಧ್ರುವೀಕರಣ ಎಷ್ಟು ಕುಗ್ಗುತ್ತದೆಂದು ಅಳೆದರು. 2004ರ ಹೊತ್ತಿಗೆ ಹೊರಬಿದ್ದ ಚಿತ್ರ ಇದು: ಈ ಪ್ರೋಟೀನುಗಳಲ್ಲಿ ಒಂದು ಪಾಲು ಎರಡರಿಂದ ನಾಲ್ಕರ ಪುಟ್ಟ ಗುಂಪುಗಳಲ್ಲಿರುತ್ತದೆ, ಉಳಿದವು ಬಿಡಿಬಿಡಿ. ಪ್ರೋಟೀನು ಹೆಚ್ಚಿದರೂ ಕಡಿಮೆಯಾದರೂ ಈ ಪ್ರಮಾಣ ಬದಲಾಗುವುದಿಲ್ಲ. ತಾನಾಗಿ ಬೆರೆಯುವ ದ್ರವದಲ್ಲಿ ಹೀಗಾಗಲು ಸಾಧ್ಯವಿಲ್ಲ. ಭೌತವಿಜ್ಞಾನಿ ಮದನ್ ರಾವ್ ಅವರೊಡನೆ ಈ ತಂಡ ಕಟ್ಟಿದ ವಿವರಣೆ ಹೇಳುವುದಿಷ್ಟು: ಪೊರೆಯ ಒಳಗಡೆ ಆಕ್ಟಿನ್ ಎಳೆಗಳು ಕೋಶದ ಶಕ್ತಿಯನ್ನು ವೆಚ್ಚ ಮಾಡುತ್ತ ಚಲಿಸುತ್ತವೆ, ಮೇಲಿನ ಅಣುಗಳನ್ನು ಅವೇ ಎಳೆದು ಗುಂಪುಗೂಡಿಸುತ್ತವೆ. ಹೊರಪದರಕ್ಕೂ ಒಳಪದರಕ್ಕೂ ಕೊಂಡಿ ಯಾವುದು ಎಂಬುದೂ 2015ರಲ್ಲಿ ಸಿಕ್ಕಿತು: ಒಳಪದರದ ಫಾಸ್ಫಟಿಡೈಲ್‌ಸೆರೀನ್ ಎಂಬ ಲಿಪಿಡ್‌ನ ಉದ್ದ ಬಾಲಗಳು. ಜೀವಂತ ಪೊರೆ ತಾನಾಗಿ ಹಾಗಿರುವುದಿಲ್ಲ. ಕೋಶ ಅದನ್ನು ಗಳಿಗೆಗಳಿಗೆಗೂ ದುಡಿದು ಹಾಗೆ ಇಟ್ಟುಕೊಂಡಿರುತ್ತದೆ.

ಈಗ ಫ್ಲೋರೈಡಿನ ಪ್ರಶ್ನೆಗೆ ಬರೋಣ. ಹುಳಿ ದ್ರಾವಣದಲ್ಲಿ ಫ್ಲೋರೈಡ್ ಒಂದು ಹೈಡ್ರೋಜನ್ ಅಯಾನನ್ನು ಕೂಡಿಸಿಕೊಂಡು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಅದಕ್ಕೆ ಆವೇಶವಿಲ್ಲ, ಅಳತೆಯಲ್ಲಿ ನೀರಿನ ಅಣುವಿನಷ್ಟೇ ಸಣ್ಣದು. ಲಿಪಿಡ್ ಪದರವನ್ನು ಬರಿಯ ಅಯಾನಿಗಿಂತ ಲಕ್ಷಾಂತರ ಪಟ್ಟು ಸುಲಭವಾಗಿ ದಾಟುತ್ತದೆ. ರಕ್ತದ 7.4 ಪಿಎಚ್‌ನಲ್ಲಿ ಈ ರೂಪ ಸಿಗುವುದು ಸುಮಾರು 16,000ಕ್ಕೆ ಒಂದು. ಹೊಟ್ಟೆಯ ಹುಳಿಯಲ್ಲಿಯಾದರೋ ಬಹುಪಾಲು ಅದೇ. ಹೀಗೆ ಫ್ಲೋರೈಡ್ ಜಠರದ ಗೋಡೆಯನ್ನೇ ದಾಟಿ ರಕ್ತ ಸೇರಬಲ್ಲದು. ರಕ್ತದಿಂದ ಮೂಳೆಗೆ ಹೋಗಿ, ಅಲ್ಲಿನ ಖನಿಜದಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ಕೂರುತ್ತದೆ. ಊಟದಲ್ಲಿ ಸುಣ್ಣದಂಶ ಇದ್ದರೆ ಅದು ಫ್ಲೋರೈಡನ್ನು ಕಟ್ಟಿ ಹೀರುವಿಕೆಯನ್ನು ತಗ್ಗಿಸುತ್ತದೆ. ಹಾಲು, ರಾಗಿ ಕಾಣದ ಊಟದವರಿಗೆ ಈ ರೋಗ ಹೆಚ್ಚು ಕಾಡುವುದಕ್ಕೆ ಇದೂ ಒಂದು ಕಾರಣ.

ಮೂತ್ರಪಿಂಡದಲ್ಲಿಯೂ ನಿಯಮ ಅದೇ. ಮೂತ್ರ ಹುಳಿಯಾಗಿದ್ದರೆ ಫ್ಲೋರೈಡ್ ಪೊರೆ ದಾಟಿ ರಕ್ತಕ್ಕೆ ಮರಳುತ್ತದೆ. ಕ್ಷಾರವಾಗಿದ್ದರೆ ಅಯಾನಾಗಿಯೇ ಉಳಿದು ಹೊರಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಬಿದ್ದಿತ್ತು. ಹುಣಸೆಗೆ ಹೆಸರಾದ ಧರ್ಮಪುರಿ ಸೀಮೆಯಲ್ಲಿ ಇದನ್ನು ಇನ್ನೂ ದೊಡ್ಡದಾಗಿ ಪರೀಕ್ಷಿಸಬೇಕು. ಆದರೆ ಒಳ್ಳೆಯ ನೀರಿನ ಬದಲಿಗೆ ಹುಣಸೆಹಣ್ಣು ಎಂದು ಯಾರೂ ಹೇಳುವಂತಿಲ್ಲ.

ಬ್ಯಾಕ್ಟೀರಿಯಗಳು ಈ ತೊಂದರೆಗೆ ಎಂದೋ ಪರಿಹಾರ ಕಂಡುಕೊಂಡಿವೆ. ಹುಳಿ ಪರಿಸರದಿಂದ ಒಳನುಸುಳಿದ ಹೈಡ್ರೋಜನ್ ಫ್ಲೋರೈಡ್ ಕೋಶದೊಳಗೆ ಒಡೆದು ಅಯಾನಾದರೆ ಮತ್ತೆ ಹೊರಹೋಗಲಾರದೆ ಕೂಡಿಕೊಳ್ಳುತ್ತದೆ. ಫ್ಲೋರೈಡನ್ನು ಗುರುತಿಸುವ ಆರ್‌ಎನ್‌ಎ ಸ್ವಿಚ್ಚುಗಳನ್ನು ಯೇಲ್‌ನ ಬ್ರೇಕರ್ ತಂಡ 2012ರಲ್ಲಿ ಪ್ರಕಟಿಸಿತು. ಫ್ಲೋರೈಡನ್ನೇ ಆರಿಸಿ ಹೊರಬಿಡುವ ನಾಲೆಯನ್ನು ಬ್ರಾಂಡೈಸ್‌ನ ಸಂಶೋಧಕರು 2013ರಲ್ಲಿ ವಿವರಿಸಿದರು. ಮನುಷ್ಯನ ಕೋಶದಲ್ಲಿ ಅಂಥ ನಾಲೆ ಕಂಡುಬಂದಿಲ್ಲ.

ಆದ್ದರಿಂದ ನಾವು ನೀರನ್ನೇ ಶುದ್ಧ ಮಾಡಬೇಕು. ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆಯೂ ಸೇರಿದೆ. 2008ರಲ್ಲಿ ಅಡಿಗಲ್ಲು ಬಿದ್ದು, ಜಪಾನಿನ ಸಾಲದ ನೆರವಿನಿಂದ ಮುಗಿದು, 2013ರಿಂದ ಅದು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ತರುತ್ತಿದೆ. ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಅದು ತಲುಪದ ಕಡೆ, ಕರ್ನಾಟಕದ ಬಯಲುಸೀಮೆಯಲ್ಲಂತೂ ಊರೂರಿಗೆ, ನೀರನ್ನು ಪೊರೆಯಲ್ಲಿ ಸೋಸುವ ಆರ್‌ಒ ಘಟಕಗಳು ಬಂದಿವೆ. ಅವುಗಳ ಪೊರೆಯ ಹಿಂದೆ 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಜೊತೆ ದುಡಿದ, ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್ ಅವರ ಶ್ರಮವಿದೆ. ಮನುಷ್ಯ ಮಾಡಿದ ಈ ಪೊರೆಗೂ ಓವರ್ಟನ್ ಕಂಡ ತತ್ತ್ವವೇ ಅನ್ವಯ: ನೀರು ಹುಳಿಯಾದರೆ ಹೈಡ್ರೋಜನ್ ಫ್ಲೋರೈಡ್ ರೂಪದಲ್ಲಿ ನುಸುಳುತ್ತದೆ, ಪಿಎಚ್ ಏರಿದರೆ ತಡೆ ಬಿಗಿಯಾಗುತ್ತದೆ. ಘಟಕ ನಡೆಸುವವರ ಕೈಯಲ್ಲಿ ಪಿಎಚ್ ನೋಡುವ ಸಾಧನ ಇರಲೇಬೇಕು. ಪೊರೆ ತಡೆದ ಫ್ಲೋರೈಡೆಲ್ಲ ಸಾಂದ್ರವಾಗಿ ಹೊರಬೀಳುವ ತ್ಯಾಜ್ಯ ನೀರಿನಲ್ಲೇ ಉಳಿಯುತ್ತದೆ. ಅದನ್ನು ಘಟಕದ ಪಕ್ಕದ ಚರಂಡಿಗೆ ಬಿಟ್ಟರೆ ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಘಟಕಕ್ಕೆ ಹಣ ಮಂಜೂರು ಮಾಡುವಾಗಲೇ ಆ ನೀರಿನ ವಿಲೇವಾರಿಗೂ ದುಡ್ಡು ತೆಗೆದಿಡಬೇಕು.