ಬಿಳಿ ವೈನ್ ಮತ್ತು ಸಿಗಾರ್ ಜೋಡಣೆ

ಬಿಳಿ ವೈನ್ ಮತ್ತು ಸಿಗಾರ್ ಜೋಡಣೆ ಎಂಬುದು ಸಿಗಾರ್ ಸೇದುವಾಗ ಅದರ ರುಚಿಗೆ ಒಗ್ಗುವ ಬಿಳಿ ವೈನನ್ನು ಆರಿಸಿ ಕುಡಿಯುವ ಪದ್ಧತಿ. ಯುರೋಪ್ ಮತ್ತು ಅಮೆರಿಕ ಖಂಡಗಳಲ್ಲಿ ಸಿಗಾರ್‌ನೊಂದಿಗೆ ರಮ್, ವಿಸ್ಕಿ, ಬ್ರಾಂದಿ ಅಥವಾ ಪೋರ್ಟ್ ವೈನ್ ಸೇವಿಸುವ ರೂಢಿಯೇ ಹೆಚ್ಚು. ಹಗುರವಾದ ಬಿಳಿ ವೈನ್‌ಗಳು ದಟ್ಟ ಹೊಗೆಯ ಮುಂದೆ ಸಪ್ಪೆಯಾಗುತ್ತವೆ. ಆದರೆ ಶೆರ್ರಿ, ಸೋಟೆರ್ನ್, ಶಾಂಪೇನ್ ಹಾಗೂ ಓಕ್ ಪೀಪಾಯಿಯಲ್ಲಿ ಮಾಗಿಸಿದ ಶಾರ್ಡೊನೆ ಇದಕ್ಕೆ ಅಪವಾದಗಳು. ತಂಬಾಕು ಮತ್ತು ಮದ್ಯ ಎರಡೂ ಕ್ಯಾನ್ಸರ್‌ಕಾರಕ ವಸ್ತುಗಳಾಗಿದ್ದು, ಜೊತೆಯಾಗಿ ಸೇವಿಸಿದಾಗ ಅಪಾಯವು ಮತ್ತಷ್ಟು ಹೆಚ್ಚುತ್ತದೆ.

ಹಿನ್ನೆಲೆ

1492ರಲ್ಲಿ ಕೊಲಂಬಸ್‌ನ ತಂಡದವರು ಕ್ಯೂಬಾದಲ್ಲಿ ಸ್ಥಳೀಯರು ಸುರುಳಿ ಸುತ್ತಿದ ತಂಬಾಕಿನ ಎಲೆಗಳನ್ನು ಸೇದುವುದನ್ನು ಕಂಡರು. ಮುಂದೆ ಅಮೆರಿಕದ ತಂಬಾಕು ಸ್ಪೇನಿನ ಆಂಡಲೂಸಿಯಾ ಪ್ರಾಂತದ ಬಂದರುಗಳ ಮೂಲಕ ಯುರೋಪನ್ನು ಪ್ರವೇಶಿಸಿತು. ಅಲ್ಲಿನ ಸೆವಿಲ್ ನಗರದಲ್ಲಿ 18ನೇ ಶತಮಾನದಲ್ಲಿ ಬೃಹತ್ ರಾಯಲ್ ತಂಬಾಕು ಕಾರ್ಖಾನೆಯ ಕಟ್ಟಡ ನಿರ್ಮಾಣವಾಯಿತು. 1875ರಲ್ಲಿ ಮೊದಲ ಪ್ರದರ್ಶನ ಕಂಡ ಬಿಜೆಯ 'ಕಾರ್ಮೆನ್' ಸಂಗೀತನಾಟಕದ ನಾಯಕಿ ಇದೇ ನಗರದ ಸಿಗಾರ್ ಕಾರ್ಮಿಕಳು. ಕಾರ್ಖಾನೆಯ ಕಟ್ಟಡದಲ್ಲಿ ಈಗ ಸೆವಿಲ್ ವಿಶ್ವವಿದ್ಯಾಲಯವಿದೆ.

ಶೆರ್ರಿ ವೈನ್ ತಯಾರಾಗುವ ಹೆರೆಜ್, ಸಾನ್‌ಲೂಕರ್ ಮತ್ತು ಎಲ್ ಪುಯೆರ್ಟೊ ಊರುಗಳೂ ಆಂಡಲೂಸಿಯಾದಲ್ಲಿಯೇ ಇವೆ. ಸೆವಿಲ್ ನಗರವನ್ನು ಸಮುದ್ರಕ್ಕೆ ಜೋಡಿಸುವ ಗ್ವಾದಾಲ್ಕಿವಿರ್ ನದಿ ಸಾನ್‌ಲೂಕರ್ ಬಳಿ ಕಡಲನ್ನು ಸೇರುತ್ತದೆ. ಹೀಗೆ ಬಿಳಿ ದ್ರಾಕ್ಷಿಯ ಒಂದು ಪ್ರಸಿದ್ಧ ವೈನ್ ಮತ್ತು ಯುರೋಪಿನ ಆರಂಭಿಕ ಸಿಗಾರ್ ಉದ್ಯಮ ನೆರೆಹೊರೆಯಲ್ಲಿ ಬೆಳೆದವು. 1808ರಿಂದ 1814ರವರೆಗೆ ಐಬೀರಿಯ ಪರ್ಯಾಯದ್ವೀಪದಲ್ಲಿ ನಡೆದ ಯುದ್ಧದಿಂದ ಮರಳಿದ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಸಿಗಾರ್ ಸೇದುವ ಅಭ್ಯಾಸವನ್ನು ತಮ್ಮ ದೇಶಗಳಲ್ಲಿ ಹರಡಿದರು.

ಸಿಗಾರ್‌ನ ರಚನೆ ಮತ್ತು ಹೊಗೆಯ ಗುಣ

ಸಿಗಾರ್‌ನಲ್ಲಿ ಮೂರು ಭಾಗಗಳಿರುತ್ತವೆ: ಒಳಗೆ ತುಂಬುವ ಎಲೆಗಳು, ಅವನ್ನು ಹಿಡಿದಿಡುವ ಕಟ್ಟು ಎಲೆ ಮತ್ತು ಹೊರಹೊದಿಕೆಯ ಎಲೆ. ದಕ್ಷಿಣ ಭಾರತದ ಚುಟ್ಟಾ ಇದೇ ಬಗೆಯ ಸರಳ ರೂಪ. ಬಟ್ಟೆಯ ನೆರಳಿನಡಿ ಬೆಳೆದ ಕನೆಕ್ಟಿಕಟ್ ಮಾದರಿಯ ತೆಳುಬಣ್ಣದ ಹೊದಿಕೆಯುಳ್ಳ ಸಿಗಾರ್‌ಗಳು ಸಾಮಾನ್ಯವಾಗಿ ಸೌಮ್ಯವಾಗಿರುತ್ತವೆ. ದೀರ್ಘಕಾಲ ಹುದುಗಿಸಿದ ಕಪ್ಪುಗಂದು ಬಣ್ಣದ ಮಡೂರೊ ಹೊದಿಕೆಯಲ್ಲಿ ಕೋಕೋ ಮತ್ತು ಕಾಫಿಯನ್ನು ಹೋಲುವ ಸಿಹಿಛಾಯೆ ಇರುತ್ತದೆ.

ಸಿಗರೇಟಿನ ಹೊಗೆ ಸಾಮಾನ್ಯವಾಗಿ ಆಮ್ಲೀಯ. ಸಿಗಾರ್‌ನ ಹೊಗೆ ಹೆಚ್ಚು ಕ್ಷಾರೀಯ. ಕ್ಷಾರೀಯ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತವನ್ನು ಸೇರಬಲ್ಲದು. ಆದ್ದರಿಂದ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳದೆ ಬಾಯಲ್ಲಿಯೇ ಇರಿಸಿಕೊಂಡು ಬಿಡುವವರಿಗೂ ನಿಕೋಟಿನ್ ಪರಿಣಾಮ ತಪ್ಪುವುದಿಲ್ಲ. ಹೊಗೆಯು ಬಾಯನ್ನು ಒಣಗಿಸಿ ನಾಲಿಗೆಯ ಮೇಲೆ ಕಹಿಯನ್ನು ಉಳಿಸುತ್ತದೆ.

ಜೋಡಣೆಯ ಆಧಾರ

ವೈನ್ ಮತ್ತು ಸಿಗಾರ್‌ಗಳಲ್ಲಿ ಒಂದು ಮತ್ತೊಂದನ್ನು ಮುಚ್ಚಿಹಾಕಬಾರದು ಎಂಬುದು ಜೋಡಣೆಯ ಮೂಲ ನಿಯಮ. ಇದರಲ್ಲಿ ನಾಲ್ಕು ಅಂಶಗಳು ಮುಖ್ಯ.

ಆಮ್ಲೀಯತೆ: ವೈನಿನ ಹುಳಿ ಜೊಲ್ಲನ್ನು ಹೆಚ್ಚಿಸಿ ಒಣಗಿದ ಬಾಯನ್ನು ತೊಳೆಯುತ್ತದೆ. ಆದರೆ ಸಿಹಿಯೂ ಸಾಂದ್ರತೆಯೂ ಇಲ್ಲದ ವೈನಿನಲ್ಲಿ ಬರಿಯ ಹುಳಿಯು ಹೊಗೆಯ ಕಹಿಯೊಂದಿಗೆ ಸೇರಿ ತೀಕ್ಷ್ಣವೆನಿಸುತ್ತದೆ.

ಸಿಹಿ: ಸಕ್ಕರೆಯು ಕಹಿಯ ಅನುಭವವನ್ನು ತಗ್ಗಿಸುತ್ತದೆ. ಖಾರವೆನಿಸುವ ಸಿಗಾರ್‌ಗಳಿಗೆ ಸಿಹಿ ವೈನ್ ಸೂಚಿಸಲು ಇದೇ ಕಾರಣ.

ಸಾಂದ್ರತೆ: ಮದ್ಯಸಾರ ಮತ್ತು ಸಕ್ಕರೆಗಳಿಂದ ವೈನಿಗೆ ಬರುವ ತೂಕವು ಹೊಗೆಯ ತೂಕಕ್ಕೆ ಸಮನಾಗಿರಬೇಕು.

ಸುವಾಸನೆ: ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಕಾಯಿಸಿದಾಗ ಓಕ್ ಮರದಲ್ಲಿರುವ ಲಿಗ್ನಿನ್ ಒಡೆದು ಗ್ವಾಯಕಾಲ್, ವೆನಿಲಿನ್‌ನಂತಹ ಸಂಯುಕ್ತಗಳು ಉಂಟಾಗುತ್ತವೆ. ಗ್ವಾಯಕಾಲ್ ತಂಬಾಕಿನ ಹೊಗೆಯಲ್ಲಿಯೂ ಇದೆ. ಓಕ್ ಪೀಪಾಯಿಯಲ್ಲಿ ಮಾಗಿದ ವೈನ್ ಮತ್ತು ಸಿಗಾರ್‌ನ ಸುವಾಸನೆಗಳ ನಡುವೆ ಕಾಣುವ ಸಾಮ್ಯಕ್ಕೆ ಇದು ಒಂದು ಕಾರಣ.

ಹೊಂದುವ ವೈನ್‌ಗಳು

ಶೆರ್ರಿ: ಪಾಲೊಮಿನೊ ಎಂಬ ಬಿಳಿ ದ್ರಾಕ್ಷಿಯಿಂದ ತಯಾರಿಸಿ, ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಬಲಪಡಿಸಿದ ವೈನ್. 'ಫ್ಲೋರ್' ಎಂಬ ಯೀಸ್ಟ್ ಪದರದ ಕೆಳಗೆ ಮಾಗುವ ಫಿನೊದಲ್ಲಿ ಸುಮಾರು 15% ಮದ್ಯಸಾರವಿದ್ದು, ಅದು ಸೌಮ್ಯ ಸಿಗಾರ್‌ಗೆ ಸರಿಹೊಂದುತ್ತದೆ. ಗಾಳಿಯ ಸಂಪರ್ಕದಲ್ಲಿ ಮಾಗುವ ಓಲೊರೊಸೊದಲ್ಲಿ ಒಣಹಣ್ಣು ಮತ್ತು ಅಕ್ರೋಟಿನ ವಾಸನೆ ಇರುವುದರಿಂದ ಮಧ್ಯಮ ಹಾಗೂ ಗಾಢ ಸಿಗಾರ್‌ಗಳಿಗೂ ಅದು ಒಪ್ಪುತ್ತದೆ. ಬಿಸಿಲಿನಲ್ಲಿ ಒಣಗಿಸಿದ ಬಿಳಿ ದ್ರಾಕ್ಷಿಯಿಂದ ಮಾಡುವ ಅತಿಸಿಹಿಯ ಪೆದ್ರೊ ಹಿಮೆನೆಜ್ ಮಡೂರೊ ಸಿಗಾರ್‌ಗಳೊಂದಿಗೆ ಹೊಂದುತ್ತದೆ.

ಸೋಟೆರ್ನ್: ಫ್ರಾನ್ಸಿನ ಬೋರ್ಡೊ ಪ್ರದೇಶದ ಸಿಹಿ ವೈನ್. ಬೊಟ್ರೈಟಿಸ್ ಎಂಬ ಶಿಲೀಂಧ್ರವು ಹಣ್ಣಿನ ನೀರನ್ನು ಇಂಗಿಸಿ ಸಕ್ಕರೆಯನ್ನು ಸಾಂದ್ರಗೊಳಿಸುತ್ತದೆ. ಇದರಲ್ಲಿ ಸಿಹಿ ಮತ್ತು ಹುಳಿ ಎರಡೂ ಹೆಚ್ಚಿರುವುದರಿಂದ ಹೊಗೆಯ ಕಹಿ ಶಮನವಾಗುತ್ತದೆ.

ಶಾಂಪೇನ್: ಬಾಟಲಿಯಲ್ಲಿಯೇ ಎರಡನೆಯ ಬಾರಿ ಹುದುಗುವ ನೊರೆವೈನ್. ಮಡ್ಡಿಯ ಮೇಲೆ ದೀರ್ಘಕಾಲ ಮಾಗಿದ ಶಾಂಪೇನ್‌ಗೆ ಸುಟ್ಟ ಬ್ರೆಡ್ಡಿನಂತಹ ವಾಸನೆ ಬರುತ್ತದೆ. ಸೌಮ್ಯ ಸಿಗಾರ್‌ಗೆ ಇದನ್ನು ಸೂಚಿಸುತ್ತಾರೆ.

ಓಕ್ ಶಾರ್ಡೊನೆ: ಇದರಲ್ಲಿ ಮ್ಯಾಲಿಕ್ ಆಮ್ಲವು ಬ್ಯಾಕ್ಟೀರಿಯಾಗಳಿಂದ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗುತ್ತದೆ, ಜೊತೆಗೆ ಬೆಣ್ಣೆಯ ವಾಸನೆಯೂ ಮೂಡುತ್ತದೆ. ಫ್ರಾನ್ಸಿನ ಮರ್ಸೋ ಗ್ರಾಮದ ವೈನ್‌ಗಳು ಈ ಶೈಲಿಗೆ ಹೆಸರಾಗಿವೆ. ಕನೆಕ್ಟಿಕಟ್ ಹೊದಿಕೆಯ ಸಿಗಾರ್ ಇದರ ಸಾಮಾನ್ಯ ಜೊತೆ.

ಹುಲ್ಲು ಮತ್ತು ನಿಂಬೆಯ ವಾಸನೆಯ ಎಳೆಯ ಸೊವಿನ್ಯೋನ್ ಬ್ಲಾಂಕ್‌ನಂತಹ ವೈನ್‌ಗಳ ಪರಿಮಳ ಹೊಗೆಯಲ್ಲಿ ಬೇಗನೆ ಮರೆಯಾಗುತ್ತದೆ.

ಆರೋಗ್ಯದ ಮೇಲಿನ ಪರಿಣಾಮ

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಸೇವನೆ ಮತ್ತು ಮದ್ಯ ಎರಡನ್ನೂ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನಲ್ಲಿ ಸೇರಿಸಿದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ ಮತ್ತು ಅನ್ನನಾಳದ ಕ್ಯಾನ್ಸರ್‌ಗಳಿಗೆ ಎರಡೂ ಕಾರಣವಾಗುತ್ತವೆ. ಎರಡನ್ನೂ ಸೇವಿಸುವವರಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ನ ಅಪಾಯವು ಎರಡರ ಮೊತ್ತಕ್ಕಿಂತ ಹೆಚ್ಚಾಗಿರುತ್ತದೆ. ಮದ್ಯಸಾರವು ಬಾಯಿಯ ಒಳಪದರದಲ್ಲಿ ಹೊಗೆಯ ವಿಷವಸ್ತುಗಳು ಸುಲಭವಾಗಿ ಇಳಿಯುವಂತೆ ಮಾಡುತ್ತದೆ. ದೇಹದಲ್ಲಿ ಅದು ಅಸಿಟಾಲ್ಡಿಹೈಡ್ ಎಂಬ ಹಾನಿಕರ ವಸ್ತುವಾಗಿಯೂ ಮಾರ್ಪಡುತ್ತದೆ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಲ್ಲಿರುವಷ್ಟು ತಂಬಾಕು ಇರಬಹುದು. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಒಳ್ಳೆಯ ಜೋಡಣೆಯು ತಗ್ಗಿಸುವುದು ಕಹಿ ಮತ್ತು ಖಾರದ ಅನುಭವವನ್ನು ಮಾತ್ರ. ಹೊಗೆಯಲ್ಲಿರುವ ವಿಷವಸ್ತುಗಳ ಪ್ರಮಾಣ ಇದರಿಂದ ಕಡಿಮೆಯಾಗುವುದಿಲ್ಲ. ಕಹಿಯು ಸಹ್ಯವಾದಾಗ ಹೆಚ್ಚು ಹೊತ್ತು ಸೇದುವ ಸಾಧ್ಯತೆಯೂ ಇದೆ.

ಭಾರತದಲ್ಲಿ ಕಾನೂನು

ಭಾರತದಲ್ಲಿ ಸಿಗಾರ್ ಮತ್ತು ಚುಟ್ಟಾಗಳು 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವ ಪರಿಷ್ಕೃತ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ತಿದ್ದುಪಡಿಯನ್ನು ಕರ್ನಾಟಕ ವಿಧಾನಮಂಡಲವು 2024ರಲ್ಲಿ ಅಂಗೀಕರಿಸಿತು.